ವೇದಿಕೆಗೆ ಬೆನ್ನು ಮಾಡಿ ನಿಂತವರು

1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗ್ರೀಸ್‌ನ ಐರೀನ್ ಸ್ಕ್ಲೀವಾ ವಿಶ್ವಸುಂದರಿ ಕಿರೀಟ ತೊಟ್ಟರು. ಸ್ಪರ್ಧೆ ಬೇಡವೆಂದು ಊರೆಲ್ಲ ಪ್ರತಿಭಟನೆ ನಡೆದಿತ್ತು, ಕ್ರೀಡಾಂಗಣದ ಒಳಗೂ ಹೊರಗೂ ಖಾಕಿ ಕೋಟೆ. ಆ ಕೋಟೆಯಲ್ಲಿ ನಿಂತಿದ್ದವರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. 1985ರಲ್ಲಿ ಕಾನ್‌ಸ್ಟೆಬಲ್ ಆಗಿ ಸೇರಿ, ಎಎಸ್‌ಐ ಆಗಿ ನಿವೃತ್ತರಾದವರು. ಅಷ್ಟು ಹತ್ತಿರದಿಂದ ನೋಡಿದಿರಲ್ಲ, ಹೇಗಿತ್ತು ಎಂದು ಕೇಳಿದೆ. ‘ನಾನೆಲ್ಲಿ ನೋಡ್ದೆ ಸಾರ್? ನಂದು ಪಬ್ಲಿಕ್ ಕಡೆ ಮುಖ’ ಎಂದರು.

ಬಂದೋಬಸ್ತ್ ಎಂದರೆ ಅಷ್ಟೇ. ಎಲ್ಲರೂ ನೋಡುತ್ತಿರುವುದಕ್ಕೆ ಬೆನ್ನು ಮಾಡಿ, ನೋಡುವವರನ್ನು ನೋಡುತ್ತ ನಿಲ್ಲುವುದು. 1986ರ ನವೆಂಬರ್‌ನಲ್ಲಿ ಸಾರ್ಕ್ ಶೃಂಗಸಭೆಗೆ ಏಳು ದೇಶಗಳ ನಾಯಕರು ಬೆಂಗಳೂರಿಗೆ ಬಂದಾಗ ಅವರು ಹೊಸ ಹುಡುಗ. ನಾಯಕರೊಬ್ಬರ ಮುಖವೂ ಕಾಣಲಿಲ್ಲ, ಕಾರುಗಳ ಸದ್ದು ಬೆನ್ನ ಹಿಂದೆ ಹಾದುಹೋಯಿತು. 1991ರ ಡಿಸೆಂಬರ್‌ನ ಕಾವೇರಿ ಗಲಭೆ, 2000ದಲ್ಲಿ ರಾಜ್‌ಕುಮಾರ್ ಅಪಹರಣದ 108 ದಿನ, 2008ರ ಜುಲೈ 25ರ ಸರಣಿ ಸ್ಫೋಟ, ಹೀಗೆ ಊರಿನ ಇತಿಹಾಸವೆಲ್ಲ ಅವರಿಗೆ ಬಂದೋಬಸ್ತಿನ ಲೆಕ್ಕದಲ್ಲಿ ನೆನಪಿದೆ. ಯಾವ ವೃತ್ತದಲ್ಲಿ ಹಾಕಿದ್ದರು, ಊಟದ ಪೊಟ್ಟಣ ಎಷ್ಟು ಹೊತ್ತಿಗೆ ಬಂತು, ಬಂದಾಗ ಚಿತ್ರಾನ್ನ ಹಳಸಿತ್ತೋ ಇಲ್ಲವೋ, ಎಲ್ಲವೂ. ಪ್ಯಾಂಟಿನ ಅಂಚು ಮೇಲೆತ್ತಿದರೆ ಮೀನಖಂಡದಲ್ಲಿ ನೀಲಿ ನರಗಳು ಗಂಟುಗಂಟಾಗಿ ಎದ್ದಿವೆ. ನಿಂತು ನಿಂತು ಬಂದ ಬಳುವಳಿ.

ಅವರು ಬಾಯಿಬಿಟ್ಟು ಮಾತಾಡುವುದು 2006ರ ಏಪ್ರಿಲ್ ಬಗ್ಗೆ. 12ರಂದು ರಾಜ್‌ಕುಮಾರ್ ತೀರಿಕೊಂಡರು. ಸುದ್ದಿ ಹಬ್ಬಿದ ಗಳಿಗೆಯಿಂದ ಮಾರನೆಯ ದಿನ ಅಂತ್ಯಕ್ರಿಯೆ ಮುಗಿಯುವವರೆಗೆ ಊರು ಯಾರ ಹಿಡಿತದಲ್ಲೂ ಇರಲಿಲ್ಲ. ಕಲ್ಲು, ಬೆಂಕಿ, ಗೋಲಿಬಾರ್. ಸತ್ತವರಲ್ಲಿ ಪೊಲೀಸ್ ಸಿಬ್ಬಂದಿಯೊಬ್ಬರೂ ಇದ್ದರು. ಕಾಪಾಡಲು ಹೋದ ಗುಂಪಿನ ಕೈಗೇ ಸಿಕ್ಕರು. ಹದಿನೈದು ವರ್ಷದ ಮೇಲೆ, 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಊರಿಗೆ ಹಳೆಯ ದಿಗಿಲು ಮರುಕಳಿಸಿತು. ಆದರೆ ಹಾಗಾಗಲಿಲ್ಲ. ಕಂಠೀರವ ಕ್ರೀಡಾಂಗಣದಲ್ಲಿ ಎರಡು ದಿನ ದರ್ಶನಕ್ಕೆ ಬಿಟ್ಟರು. ಲಕ್ಷಗಟ್ಟಲೆ ಜನ ಸಾಲಿನಲ್ಲಿ ಬಂದು ಹೋದರು. ಮೂರನೆಯ ದಿನ ಊರು ಪೂರ್ತಿ ಏಳುವ ಮೊದಲೇ ಪಾರ್ಥಿವ ಶರೀರವನ್ನು ಕಂಠೀರವ ಸ್ಟುಡಿಯೊಗೆ ಒಯ್ದು ಅಂತ್ಯಕ್ರಿಯೆ ಮಾಡಿದರು. ಕುಟುಂಬದ ಸಂಯಮ, ಅಭಿಮಾನಿಗಳ ಸಂಯಮ ದೊಡ್ಡದು, ಒಪ್ಪುತ್ತೇನೆ. ಜತೆಗೆ ನಮ್ಮ ಎಎಸ್‌ಐ ಅವರಂಥವರು ಎರಡೂ ಸಲ ಬೀದಿಯಲ್ಲಿದ್ದರು ಎಂಬುದೂ ಸಣ್ಣ ಸಂಗತಿಯಲ್ಲ. ದುಃಖದ ಗುಂಪು ಯಾವ ಗಳಿಗೆಯಲ್ಲಿ ಸಿಟ್ಟಿನ ಗುಂಪಾಗುತ್ತದೆ? ‘ಹಿಂದಿನವರಿಗೆ ಮುಂದೇನಾಗ್ತಿದೆ ಅಂತ ಗೊತ್ತಾಗ್ದೇ ಇದ್ದಾಗ ಸಾರ್. ತಳ್ಳೋರು ಯಾವಾಗ್ಲೂ ಹಿಂದಿನೋರೇ.’

2025ರ ಜೂನ್ 4ರಂದು ಅದೇ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತಾಗ ನನಗೆ ಮೊದಲು ನೆನಪಾದದ್ದು ಈ ಮಾತು. ಯಾರ ತಪ್ಪೆಷ್ಟು ಎಂದು ತೂಗುವ ಕೆಲಸ ನನ್ನದಲ್ಲ. ಆದರೆ ಮೂವತ್ತೊಂಬತ್ತು ವರ್ಷ ಬರೀ ಜನರ ಮುಖ ನೋಡಿದವರು ತಿಳಿದುಕೊಂಡದ್ದೆಲ್ಲ, ಅವರು ಬೆಲ್ಟು ಬಿಚ್ಚಿ ಸ್ಟೋರಿಗೆ ಒಪ್ಪಿಸಿದ ದಿನ ಠಾಣೆಯಿಂದ ಅವರೊಂದಿಗೇ ಮನೆಗೆ ಹೊರಟುಬಿಡುತ್ತದಲ್ಲ!

ಇವರನ್ನು ದೇವರ ಪಟದ ಪಕ್ಕ ಕೂರಿಸುವ ಇರಾದೆ ನನಗಿಲ್ಲ. ಠಾಣೆಯ ಮೆಟ್ಟಿಲು ಹತ್ತಲು ಇವತ್ತಿಗೂ ಬಡವರಿಗೆ ಎದೆ ಡವಗುಟ್ಟುತ್ತದೆ. ಮಾಮೂಲಿಯ ಕತೆ ಎಲ್ಲರಿಗೂ ಗೊತ್ತು. ಅವಶ್ಯಕತೆಗಿಂತ ಒಂದು ಏಟು ಹೆಚ್ಚೇ ಬಿದ್ದ ಲಾಠಿಯ ಕತೆಯೂ ಗೊತ್ತು. ಎಎಸ್‌ಐ ಕೂಡ ಮುಚ್ಚಿಡುವುದಿಲ್ಲ. ‘ಒಳ್ಳೇವ್ರು, ಕೆಟ್ಟೋರು ಅಂತ ನೋಡಿ ಹೊಡೀತಿದ್ವಾ ನಾವು? ಆರ್ಡರ್ ಬಂತು, ನುಗ್ಗಿದ್ವಿ’ ಎನ್ನುತ್ತಾರೆ. ಆ ಓಟದಲ್ಲಿ ಮೊದಲು ಉರುಳುತ್ತಿದ್ದುದು ಅವರ ತಲೆಯ ಮೇಲಿನ ಸ್ಲೋಚ್ ಹ್ಯಾಟ್. ಬ್ರಿಟಿಷರ ಕಾಲದ ಆ ವಾಲುಟೋಪಿ ಹೋಗಿ ಕಾನ್‌ಸ್ಟೆಬಲ್‌ಗಳಿಗೆ ಪೀಕ್ ಕ್ಯಾಪ್ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಒಂದು ಟೋಪಿ ಬದಲಾಗಲು ಇಷ್ಟು ಕಾಲ ಹಿಡಿಯಿತು ಎಂದರೆ, ಅದನ್ನು ಹಾಕಿಕೊಂಡವರ ಮಾತು ಮೇಲಕ್ಕೆ ಎಷ್ಟು ಮುಟ್ಟುತ್ತಿತ್ತು ಎಂದು ಊಹಿಸಬಹುದು.

ಗೌರವಿಸುವುದಕ್ಕೆ ನಮ್ಮಲ್ಲಿ ಒಂದು ದಿನವಂತೂ ಇದೆ. ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂದದ್ದು 1965ರ ಏಪ್ರಿಲ್ 2ರಂದು. ಅದರ ನೆನಪಿಗೆ ಪ್ರತಿವರ್ಷ ಅದೇ ದಿನ ಪೊಲೀಸ್ ಧ್ವಜ ದಿನಾಚರಣೆ. ಪುಟ್ಟ ಧ್ವಜಗಳನ್ನು ಮಾರಿ ಬಂದ ದುಡ್ಡು ಪೊಲೀಸರ, ನಿವೃತ್ತ ಪೊಲೀಸರ ಕಲ್ಯಾಣಕ್ಕೆ ಸಲ್ಲುತ್ತದೆ. ಜಿಲ್ಲಾ ಕೇಂದ್ರಗಳ ಕವಾಯತು ಮೈದಾನಗಳಲ್ಲಿ ಆ ದಿನ ನಿವೃತ್ತರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆದು ಗೌರವ ವಂದನೆ ಸಲ್ಲಿಸುವ ಒಳ್ಳೆಯ ವಾಡಿಕೆಯಿದೆ. ಸೇವೆಯಿಡೀ ಬೇರೆಯವರಿಗೆ ಸೆಲ್ಯೂಟ್ ಹೊಡೆದವರ ಮುಂದೆ ತುಕಡಿಗಳು ಸಾಗಿ ಹೋಗುತ್ತವೆ. ಅತಿಥಿಯ ಭಾಷಣ ಮಾತ್ರ ಹೆಚ್ಚು ಕಡಿಮೆ ಒಂದೇ: ಶಿಸ್ತು, ಆರೋಗ್ಯ ನೋಡಿಕೊಳ್ಳಿ, ಮಕ್ಕಳನ್ನು ಓದಿಸಿ. ಆಮೇಲೆ ಹಾರ, ಶಾಲು, ಹಣ್ಣಿನ ಬುಟ್ಟಿ, ಕಾಫಿ.

ನಿವೃತ್ತ ಹಿರಿಯ ಅಧಿಕಾರಿಗಳು ಆತ್ಮಕತೆ ಬರೆಯುತ್ತಾರೆ, ಅಂಕಣ ಬರೆಯುತ್ತಾರೆ, ಬರೆಯಲಿ. ಕಂಟ್ರೋಲ್ ರೂಮಿನಿಂದ ಕಂಡ ಊರು ಒಂದು, ಬ್ಯಾರಿಕೇಡಿನ ಪಕ್ಕ ನಿಂತು ಕಂಡ ಊರು ಇನ್ನೊಂದು. ಎರಡನೆಯದನ್ನು ಬರೆದಿಡುವವರು ಬೇಕು. ಪೊಲೀಸ್ ತರಬೇತಿ ಶಾಲೆಗಳು ನಿವೃತ್ತ ಹೆಡ್ ಕಾನ್‌ಸ್ಟೆಬಲ್‌ಗಳನ್ನು, ಎಎಸ್‌ಐಗಳನ್ನು ಕರೆಸಿ ವಾರವೊಪ್ಪತ್ತು ಹೊಸಬರ ಮುಂದೆ ಕೂರಿಸಲಿ. ಪಾಠ ಹೇಳಿ ಎಂದರೆ ಅವರು ಬೆಬ್ಬಳಿಸಿಯಾರು. ‘ಅವತ್ತು ನೀವು ಎಲ್ಲಿ ನಿಂತಿದ್ರಿ?’ ಎಂದು ಕೇಳಿದರೆ ಸಾಕು. ನಮ್ಮವರನ್ನು ಕರೆಯುವುದಾದರೆ ಹನ್ನೊಂದರ ಮೇಲೆ ಬನ್ನಿ ಎನ್ನಿ. ಬೆಳಗ್ಗೆ ಮೊಮ್ಮಗಳನ್ನು ಶಾಲೆಗೆ ಬಿಡುವ ಡ್ಯೂಟಿ ಇರುತ್ತದೆ. ಮತ್ತೆ, ಕೂರಲು ಒಂದು ಕುರ್ಚಿ ಹಾಕಿಸಿ.