ರಿಪೋರ್ಟ್ ನಾರ್ಮಲ್ ಬಂತೆಂದು ಥೈರಾಯ್ಡ್ ಮಾತ್ರೆ ಬಿಡಬೇಡಿ

ದಾಬಸ್‌ಪೇಟೆ, ಸೋಂಪುರ, ಶಿವಗಂಗೆ, ತ್ಯಾಮಗೊಂಡ್ಲು ಸುತ್ತಮುತ್ತಲಿನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಈಗ ದೊಡ್ಡ ಕೆಲಸವಲ್ಲ. ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಯೊಳಗೆ ರಿಪೋರ್ಟ್ ಮೊಬೈಲಿಗೇ ಬಂದುಬಿಡುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ನಮ್ಮನ್ನು ಕೂರಿಸಿಕೊಂಡು ಅದನ್ನು ಓದಿ ಹೇಳುವವರು ಸಿಗುವುದಿಲ್ಲ. “ನಿಮಗೆ ಥೈರಾಯ್ಡ್ ಇದೆ, ಇದನ್ನು ತಗೊಳ್ಳಿ” ಎಂದು ಒಂದು ಬಾಟಲಿ ಮಾತ್ರೆ ಕೈಗೆ ಬರುತ್ತದೆ. ಬಾಟಲಿ ಮುಗಿದ ಮೇಲೆ ಮತ್ತೆ ರಕ್ತ ಕೊಟ್ಟರೆ ರಿಪೋರ್ಟ್ ನಾರ್ಮಲ್. ಸದ್ಯ, ವಾಸಿಯಾಯಿತಲ್ಲ ಎಂದು ಮಾತ್ರೆ ಬಿಟ್ಟುಬಿಡುತ್ತಾರೆ. ಕೆಲವು ತಿಂಗಳಲ್ಲಿ ಮುಖ ಊದಿಕೊಳ್ಳುತ್ತದೆ, ಮುಟ್ಟು ಏರುಪೇರಾಗುತ್ತದೆ, ಮೆಟ್ಟಿಲು ಹತ್ತಲೂ ಆಗದಷ್ಟು ಸುಸ್ತು. ಇನ್ನೊಂದು ಕಡೆ, ಮಾತ್ರೆ ಬೇಕೋ ಬೇಡವೋ ಎಂದು ಸರಿಯಾಗಿ ತೀರ್ಮಾನವಾಗದೆ, ಒಂದೇ ಒಂದು ರಿಪೋರ್ಟಿನ ಮೇಲೆ ವರ್ಷಗಟ್ಟಲೆ ನುಂಗುತ್ತಿರುವವರಿದ್ದಾರೆ. ಎರಡೂ ನಿಲ್ಲಬೇಕು. ಅದಕ್ಕಾಗಿಯೇ ಈ ಕರಪತ್ರ.

ಇದು ಯಾರೋ ನಾಲ್ಕು ಜನರ ಕಾಯಿಲೆಯಲ್ಲ. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ 5,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 11 ಜನರಿಗೆ ಥೈರಾಯ್ಡ್ ಕೊರತೆ ಇತ್ತು. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು.

ನಿಮ್ಮ ಹಳೆಯ ರಿಪೋರ್ಟ್ ಒಂದನ್ನು ಎದುರಿಗಿಟ್ಟುಕೊಳ್ಳಿ. ಮೂರು ಸಾಲು ಕಾಣುತ್ತವೆ: ಟಿ3, ಟಿ4, ಟಿಎಸ್‌ಎಚ್. ಎಡಗಡೆ ಹೆಸರು, ಮಧ್ಯದಲ್ಲಿ ನಿಮ್ಮ ಅಂಕಿ, ಬಲಗಡೆ ಆ ಲ್ಯಾಬಿನವರು ನಾರ್ಮಲ್ ಎಂದು ಒಪ್ಪಿಕೊಂಡ ಮಿತಿ. ಅಂಕಿ ಮಿತಿ ದಾಟಿದ್ದರೆ ದಪ್ಪ ಅಕ್ಷರದಲ್ಲಿರುತ್ತದೆ, ಇಲ್ಲವೇ ಪಕ್ಕದಲ್ಲಿ ಒಂದು ಗುರುತಿರುತ್ತದೆ. ಟಿಎಸ್‌ಎಚ್ ಮಿತಿ ಬಹುತೇಕ ಲ್ಯಾಬುಗಳಲ್ಲಿ 0.4ರಿಂದ 4 ಅಥವಾ 5ರವರೆಗೆ. ನಮ್ಮ ಕಡೆ ‘ಪಾಯಿಂಟ್’ ಎನ್ನುವುದು ಇದನ್ನೇ. ಪಾಯಿಂಟ್ ಜಾಸ್ತಿಯಾಗಿದೆ ಎಂದರೆ ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದೆ ಎಂದು ತಿಳಿದವರೇ ಹೆಚ್ಚು. ನಿಜ ಅದಕ್ಕೆ ತದ್ವಿರುದ್ಧ.

ಟಿಎಸ್‌ಎಚ್ ಹುಟ್ಟುವುದು ಥೈರಾಯ್ಡಿನಲ್ಲಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ. ಫ್ಯಾಕ್ಟರಿ ಲೈನಿನಲ್ಲಿ ಕೆಲಸ ನಿಧಾನವಾದಷ್ಟೂ ಸೂಪರ್‌ವೈಸರ್ ದನಿ ಏರುವ ಹಾಗೆ, ಕತ್ತಿನ ಥೈರಾಯ್ಡ್ ಗ್ರಂಥಿ ಸೋತಷ್ಟೂ ಟಿಎಸ್‌ಎಚ್ ಏರುತ್ತದೆ. ಗ್ರಂಥಿ ಅತಿಯಾಗಿ ಹಾರ್ಮೋನು ಸುರಿಸತೊಡಗಿದರೆ ಟಿಎಸ್‌ಎಚ್ ನೆಲ ಕಚ್ಚುತ್ತದೆ. ಆದರೆ ಟಿಎಸ್‌ಎಚ್ ಒಂದನ್ನೇ ನೋಡಿ ತೀರ್ಮಾನಿಸಬಾರದು. ಪಕ್ಕದ ಟಿ4, ಅಂದರೆ ಗ್ರಂಥಿ ಸುರಿಸುವ ಹಾರ್ಮೋನು, ಏನು ಹೇಳುತ್ತದೆ ಎಂದೂ ನೋಡಬೇಕು. ಟಿಎಸ್‌ಎಚ್ ಮೇಲೆ, ಟಿ4 ಕೆಳಗೆ ಇದ್ದರೆ ಅನುಮಾನವಿಲ್ಲ, ಅದು ಹೈಪೋಥೈರಾಯ್ಡ್, ಅಂದರೆ ಥೈರಾಯ್ಡ್ ಕೊರತೆ, ಮಾತ್ರೆ ಬೇಕೇ ಬೇಕು. ಟಿ4 ಸರಿಯಿದ್ದರೂ ಟಿಎಸ್‌ಎಚ್ 10 ದಾಟಿದ್ದರೆ ವೈದ್ಯರು ಸಾಮಾನ್ಯವಾಗಿ ಮಾತ್ರೆ ಕೊಡುತ್ತಾರೆ.

ಎಡವುವುದು 5ರಿಂದ 10ರ ನಡುವೆ. ಟಿ4 ಸರಿಯಾಗಿದೆ, ಟಿಎಸ್‌ಎಚ್ 6 ಅಥವಾ 7 ಎಂದುಕೊಳ್ಳಿ. ಗರ್ಭಿಣಿಯಲ್ಲದ, ಮಗುವಿಗಾಗಿ ಪ್ರಯತ್ನಿಸುತ್ತಿಲ್ಲದ ಆರೋಗ್ಯವಂತರು ಅದೇ ದಿನ ಮಾತ್ರೆ ಶುರು ಮಾಡಬೇಕಾಗಿಲ್ಲ. ಎರಡು ಮೂರು ತಿಂಗಳು ಬಿಟ್ಟು, ಅದೇ ಲ್ಯಾಬಿನಲ್ಲಿ, ಬೆಳಗಿನ ಹೊತ್ತು ಇನ್ನೊಮ್ಮೆ ರಕ್ತ ಕೊಡಿ. ಹೀಗೆ ಸ್ವಲ್ಪ ಏರಿದ್ದು ಎಷ್ಟೋ ಜನರಲ್ಲಿ ತಾನಾಗಿಯೇ ಇಳಿದಿರುತ್ತದೆ. ಜೋರು ಜ್ವರದಿಂದ ಎದ್ದ ಹೊಸದರಲ್ಲಿ ಟಿಎಸ್‌ಎಚ್ ಏರಿರಬಹುದು. ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟು, ನೇರವಾಗಿ ಲ್ಯಾಬಿಗೆ ಹೋದರೂ ಏರಿರಬಹುದು. ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರು ಇದನ್ನು ವೈದ್ಯರಿಗೆ ಹೇಳಲೇಬೇಕು. ವಯಸ್ಸಾದವರಲ್ಲಿ ತುಸು ಮೇಲಿರುವುದು ಸಹಜ. ಕೂದಲು ಉದುರದಿರಲೆಂದು ನುಂಗುವ ಬಯೋಟಿನ್ ಮಾತ್ರೆಯಂತೂ ರಿಪೋರ್ಟಿನ ಅಂಕಿಗಳನ್ನೇ ತಪ್ಪಾಗಿ ತೋರಿಸಬಲ್ಲದು. ಪರೀಕ್ಷೆಗೆ ಎರಡು ದಿನ ಮುಂಚೆಯೇ ಅದನ್ನು ನಿಲ್ಲಿಸಿ. ಎರಡನೇ ಸಲವೂ ಏರಿಯೇ ಇದ್ದರೆ ಟಿಪಿಒ ಆ್ಯಂಟಿಬಾಡಿ ಪರೀಕ್ಷೆ ಬೇಕೇ ಎಂದು ಕೇಳಿ. ದೇಹವೇ ತನ್ನ ಥೈರಾಯ್ಡಿನ ಮೇಲೆ ತಿರುಗಿಬಿದ್ದಿದೆಯೇ ಎಂಬುದು ಅದರಲ್ಲಿ ತಿಳಿಯುತ್ತದೆ.

ಇನ್ನು ಮಾತ್ರೆ ಬಿಡುವವರ ವಿಷಯ. ಥೈರಾಯ್ಡ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ರೋಗವನ್ನು ಕಿತ್ತುಹಾಕುವ ಔಷಧವಲ್ಲ. ನಿಮ್ಮ ಗ್ರಂಥಿ ಮಾಡಬೇಕಾದ ಹಾರ್ಮೋನನ್ನೇ ಹೊರಗಿನಿಂದ ತುಂಬಿಕೊಡುವ ಮಾತ್ರೆ ಅದು. ಮಾತ್ರೆ ತೆಗೆದುಕೊಳ್ಳುತ್ತಿರುವಾಗ ರಿಪೋರ್ಟ್ ನಾರ್ಮಲ್ ಬಂದರೆ ಡೋಸ್ ಸರಿಯಾಗಿ ಕೂತಿದೆ ಎಂದರ್ಥ, ರೋಗ ಹೋಯಿತು ಎಂದಲ್ಲ. ಒಮ್ಮೆ ನುಂಗಿದ ಮಾತ್ರೆಯ ಅರ್ಧದಷ್ಟು ವಾರದವರೆಗೂ ಮೈಯಲ್ಲಿ ಉಳಿದಿರುತ್ತದೆ. ಹಾಗಾಗಿ ಬಿಟ್ಟ ಕೂಡಲೇ ಏನೂ ಗೊತ್ತಾಗುವುದಿಲ್ಲ. ಬಿಟ್ಟರೂ ಚೆನ್ನಾಗಿದ್ದೇನಲ್ಲ ಎಂಬ ಧೈರ್ಯ ಬರುವುದು ಇದರಿಂದಲೇ. ಹೆರಿಗೆಯ ನಂತರ ಬಂದದ್ದು, ಉರಿಯೂತದಿಂದ ಬಂದದ್ದು ಕೆಲವೊಮ್ಮೆ ತಾತ್ಕಾಲಿಕ, ನಿಜ. ಆದರೆ ಅದನ್ನು ತೀರ್ಮಾನಿಸಬೇಕಾದವರು ವೈದ್ಯರು, ಖಾಲಿಯಾದ ಬಾಟಲಿಯಲ್ಲ.

“ಜೀವನಪೂರ್ತಿ ಮಾತ್ರೆಯೇ?” ಎಂದು ಗಾಬರಿಯಾಗುವವರಿಗೆ ಒಂದು ಹಳೆಯ ಸಂಗತಿ ಹೇಳಬೇಕು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು, ಥೈರಾಯ್ಡ್ ಪೂರ್ತಿ ಸೋತು ಮೈಯೆಲ್ಲ ಊದಿದ್ದ 46 ವರ್ಷದ ಹೆಂಗಸೊಬ್ಬರಿಗೆ ಕುರಿಯ ಥೈರಾಯ್ಡ್ ಗ್ರಂಥಿಯಿಂದ ತೆಗೆದ ರಸ ಕೊಡತೊಡಗಿದರು. ಆಕೆ ಆಮೇಲೆ 28 ವರ್ಷ ಬದುಕಿದರು. ಇಂದು ಅದೇ ಹಾರ್ಮೋನು ಅಳತೆ ತಪ್ಪದ ಪುಟ್ಟ ಮಾತ್ರೆಯಾಗಿ, ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿ, ಕಡಿಮೆ ಬೆಲೆಗೆ ಸಿಗುತ್ತಿದೆ. ಇದಕ್ಕೆ ಹೆದರಬೇಕಾದ್ದೇನೂ ಇಲ್ಲ.

ಆದರೆ ತೆಗೆದುಕೊಳ್ಳುವ ಕ್ರಮ ತಪ್ಪಿದರೆ ಮಾತ್ರೆ ಹೊಟ್ಟೆಗೆ ಹೋಗಿಯೂ ಮೈಗೆ ಹತ್ತುವುದಿಲ್ಲ. ಬೆಳಗಿನ ಪಾಳಿಯ ಬಸ್ಸು ಹಿಡಿಯುವ ಅವಸರದಲ್ಲಿ ಮಾತ್ರೆಯನ್ನೂ ಕಾಫಿಯನ್ನೂ ಒಟ್ಟಿಗೇ ಕುಡಿದು ಓಡುವವರು ನಮ್ಮಲ್ಲಿ ಬಹಳ. ಆಮೇಲೆ ಪಾಯಿಂಟ್ ಇಳಿಯುತ್ತಿಲ್ಲ ಎಂದು ಡೋಸ್ ಏರಿಸುತ್ತಾ ಹೋಗುತ್ತಾರೆ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ. ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ, ಟೀ, ರಾಗಿ ಗಂಜಿ, ತಿಂಡಿ ಯಾವುದೂ ಬೇಡ. ರಾಗಿಯಲ್ಲಿ ಸುಣ್ಣದಂಶ ಹೇರಳ, ಸುಣ್ಣದಂಶ ಈ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಏಳುವುದೇ ಬಸ್ಸಿನ ಹೊತ್ತಿಗೆ ಎನ್ನುವವರು ಬಾಟಲಿ, ನೀರು ಎರಡನ್ನೂ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳಿ. ಅದೂ ಆಗದಿದ್ದರೆ ವೈದ್ಯರನ್ನು ಕೇಳಿ ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ ಮಲಗುವಾಗ ತೆಗೆದುಕೊಳ್ಳಬಹುದು. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಡೋಸ್ ಬದಲಾದ ಮೇಲೆ ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಿಸಿ. ಅದಕ್ಕಿಂತ ಮುಂಚೆ ನೋಡಿಸಿದರೆ ದುಡ್ಡು ದಂಡ. ಮಾತ್ರೆಯ ಕಂಪನಿ ಬದಲಾದರೂ ಒಮ್ಮೆ ನೋಡಿಸಬೇಕು. ಮೆಡಿಕಲ್ ಸ್ಟೋರಿನಲ್ಲಿ ಬಾಟಲಿ ಕೈಗೆ ಬಂದಾಗ ಮೈಕ್ರೋಗ್ರಾಂ ಎಷ್ಟು ಎಂದು ಚೀಟಿಗೆ ಹೋಲಿಸಿ. 25, 50, 75, 100 ಎಲ್ಲವೂ ನೋಡಲು ಒಂದೇ ಥರದ ಬಾಟಲಿಗಳು.

ಗರ್ಭಿಣಿಯರ ವಿಷಯದಲ್ಲಿ ಮಾತ್ರ ಕಾಯುವ ಮಾತೇ ಇಲ್ಲ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನಿನ ಬಲದಲ್ಲಿ. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಬಸುರಾದ ಕೂಡಲೇ ಡೋಸ್ ಕಾಲು ಭಾಗಕ್ಕಿಂತ ಹೆಚ್ಚಾಗಿಯೇ ಏರಿಸಬೇಕಾಗಬಹುದು. ಮುಟ್ಟು ನಿಂತ ವಾರದಲ್ಲೇ ವೈದ್ಯರ ಬಳಿ ಹೋಗಿ. ಬಸುರಿಗೆ ಮಾತ್ರೆ ಆಗದು ಎಂದು ಅತ್ತೆಯೋ ಅಮ್ಮನೋ ಹೇಳಿದರೂ ಬಿಡಬೇಡಿ. ಮಗುವಿಗೆ ತೊಂದರೆಯಾಗುವುದು ಬಿಟ್ಟರೆ. ತಾಯಿ ಕಾರ್ಡಿನಲ್ಲಿ ಟಿಎಸ್‌ಎಚ್ ಅಂಕಿಯನ್ನೂ ಡೋಸನ್ನೂ ಬರೆಸಿಕೊಳ್ಳಿ. ಆಶಾ ಕಾರ್ಯಕರ್ತೆಯರಲ್ಲಿ ನಮ್ಮ ವಿನಂತಿ: ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಕೊಡುವಾಗ “ಥೈರಾಯ್ಡ್ ಮಾತ್ರೆ ತಗೋತೀಯೇನಮ್ಮ?” ಎಂದು ಒಂದು ಮಾತು ಕೇಳಿ.

ಹೆರಿಗೆಯಾದ ಮೇಲೆ, ಎರಡು ಮೂರು ದಿನದೊಳಗೆ ಮಗುವಿನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಥೈರಾಯ್ಡ್ ಪರೀಕ್ಷಿಸಬಹುದು. ನಮ್ಮ ದೇಶದಲ್ಲಿ ಸಾವಿರಕ್ಕೆ ಒಂದರ ಆಸುಪಾಸು ಮಕ್ಕಳು ಈ ಕೊರತೆಯೊಂದಿಗೇ ಹುಟ್ಟುತ್ತವೆ. ಹುಟ್ಟಿದಾಗ ಮಗು ನೋಡಲು ಚೆನ್ನಾಗಿಯೇ ಇರುತ್ತದೆ. ಮೊದಲ ಎರಡು ವಾರದಲ್ಲಿ ಮಾತ್ರೆ ಶುರುವಾದರೆ ಎಲ್ಲರಂತೆ ಬೆಳೆದು ಶಾಲೆಗೆ ಹೋಗುತ್ತದೆ. ತಡವಾದರೆ ಕಳೆದುಹೋದ ಬುದ್ಧಿಶಕ್ತಿಯನ್ನು ಯಾವ ಔಷಧವೂ ಮರಳಿ ತರಲಾರದು. ಡಿಸ್ಚಾರ್ಜ್ ಆಗುವ ಮುಂಚೆ ಈ ಪರೀಕ್ಷೆ ಆಯಿತೇ ಎಂದು ಮಗುವಿನ ಅಪ್ಪ ಬಾಯಿಬಿಟ್ಟು ಕೇಳಬೇಕು.

ಟಿಎಸ್‌ಎಚ್ ತೀರಾ ಕಡಿಮೆ ಬಂದು, ಎದೆ ಡವಗುಟ್ಟುವುದು, ಕೈ ನಡುಗುವುದು, ತಿಂದರೂ ತೂಕ ಇಳಿಯುವುದು ಇದ್ದರೆ ಅದು ಬೇರೆಯದೇ ರೋಗ, ಔಷಧವೂ ಬೇರೆ. ಅದಕ್ಕೆ ಕೊಡುವ ಕಾರ್ಬಿಮಜೋಲ್ ತೆಗೆದುಕೊಳ್ಳುವಾಗ ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತಕಣಗಳ ಪರೀಕ್ಷೆ ಮಾಡಿಸಬೇಕು. ತೂಕ ಇಳಿಸಲೆಂದು ಇನ್ನೊಬ್ಬರ ಥೈರಾಯ್ಡ್ ಮಾತ್ರೆ ನುಂಗುವುದು ಹೃದಯಕ್ಕೂ ಮೂಳೆಗೂ ಅಪಾಯ. ಕೋಸು, ಹೂಕೋಸು ಬೇಯಿಸಿ ತಿನ್ನಲು ಭಯ ಬೇಡ. ಅಯೋಡಿನ್ ಉಪ್ಪು ಬಳಸಿ. ಇಪ್ಪತ್ತೊಂದು ದಿನದಲ್ಲಿ ಥೈರಾಯ್ಡ್ ಬುಡಸಮೇತ ವಾಸಿ ಎನ್ನುವ ಜಾಹೀರಾತಿಗೆ ದುಡ್ಡು ಸುರಿಯಬೇಡಿ.

ಖರ್ಚಿನ ಮಾತು. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಟ್ಟುತ್ತಿರುವ ಕಾರ್ಮಿಕರಿಗೂ ಅವರ ಮನೆಯವರಿಗೂ ಪರೀಕ್ಷೆ, ಔಷಧ ಉಚಿತ. ಅದಕ್ಕೆ ನಿಮ್ಮ ಸಂಬಳದಿಂದಲೂ ಹಣ ಹಿಡಿಯುತ್ತಾರೆ, ಅದು ಯಾರ ದಯೆಯೂ ಅಲ್ಲ. ಹೆಚ್ಚಿನ ಚಿಕಿತ್ಸೆಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಚೀಟಿ ಕೇಳಿ. ಮಿಕ್ಕವರಿಗೆ ನೆಲಮಂಗಲದ ಸರ್ಕಾರಿ ಆಸ್ಪತ್ರೆ ಇದೆ, ಜನೌಷಧಿ ಅಂಗಡಿಗಳಿವೆ. ಸಾಮಾನ್ಯ ಹೈಪೋಥೈರಾಯ್ಡಿಗೆ ಹತ್ತಿರದ ಎಂಬಿಬಿಎಸ್ ವೈದ್ಯರೇ ಸಾಕು. ಮಕ್ಕಳಿಗೆ, ಕತ್ತಿನಲ್ಲಿ ಗಂಟಿರುವವರಿಗೆ, ಟಿಎಸ್‌ಎಚ್ ತೀರಾ ಇಳಿದವರಿಗೆ, ಹೃದ್ರೋಗಿಗಳಿಗೆ ಮಾತ್ರ ಬೆಂಗಳೂರಿನ ಹಾರ್ಮೋನು ತಜ್ಞರು ಬೇಕಾಗಬಹುದು.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಹಳೆಯ ರಿಪೋರ್ಟುಗಳನ್ನೂ ಮಾತ್ರೆಯ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ನನಗಿರುವುದು ಏನು, ಎಷ್ಟು ಮೈಕ್ರೋಗ್ರಾಂ ತೆಗೆದುಕೊಳ್ಳಬೇಕು, ಮುಂದಿನ ಪರೀಕ್ಷೆ ಯಾವ ತಾರೀಖು ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿ, ಸಂಕೋಚ ಬೇಡ. ಓದಿ ಮುಗಿಸಿದ ಮೇಲೆ ಈ ಕಾಗದವನ್ನು ಪಕ್ಕದ ಮನೆಯ ಅಕ್ಕನಿಗೋ, ಲೈನಿನಲ್ಲಿ ಜೊತೆಗೆ ನಿಲ್ಲುವ ತಂಗಿಗೋ ಕೊಡಿ.