ಮುಚ್ಚಿದ ಬಾಗಿಲು ಮತ್ತು ಸಂಬಳದ ರಜೆ

ರಜೆಯೆಂಬುದು ವಿದ್ಯಾರ್ಥಿಗಳಾದ ನಮ್ಮ ಕಿವಿಗೆ ಬಲು ಇಂಪಾದ ಮಾತು. ಸೂಚನಾ ಫಲಕದ ಮೇಲೆ ಪ್ರಿನ್ಸಿಪಾಲರ ರುಜು ಬಿದ್ದ ಒಂದು ಚೀಟಿ ಕಾಣಿಸಿಕೊಂಡರೆ ಸಾಕು, ಅದನ್ನು ಪೂರ್ತಿ ಓದುವ ತಾಳ್ಮೆಯೂ ನಮಗಿರುವುದಿಲ್ಲ. ಆ ರಜೆಗೆ ಒಂದು ಬೆಲೆಯುಂಟೆ, ಉಂಟಾದರೆ ಅದನ್ನು ತೆರುವವರು ಯಾರು ಎಂಬ ವಿಚಾರ ನಮ್ಮ ತಲೆಗೆ ಹೊಳೆಯುವುದಿಲ್ಲ. ಹೊಳೆಯಬೇಕಾದ ಅಗತ್ಯವೂ ಇಲ್ಲವೆನ್ನಿ, ನಮಗೆ ಯಾರೂ ಸಂಬಳ ಕೊಡುವುದಿಲ್ಲವಷ್ಟೆ. ಆದರೆ ಇನ್ನೆರಡು ಮೂರು ವರ್ಷಗಳಲ್ಲಿ ನಮ್ಮಲ್ಲಿ ಬಹುಮಂದಿ ಯಾವುದಾದರೊಂದು ಕಛೇರಿಯ ಹಾಜರಿ ಪುಸ್ತಕಕ್ಕೆ ಸೇರಲಿರುವವರು. ಆದುದರಿಂದ ಈ ವಿಚಾರವನ್ನು ಈಗಲೇ ಎತ್ತಿಕೊಂಡರೆ ತಪ್ಪಾಗಲಾರದು.

ಡಿಸೆಂಬರ್ ತಿಂಗಳ ಕಡೆಯ ವಾರದಲ್ಲಿ ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಅನೇಕ ಕಛೇರಿಗಳೂ ಕಾರ್ಖಾನೆಗಳೂ ಕ್ರಿಸ್‌ಮಸ್ ಹಬ್ಬಕ್ಕೆ ಬಾಗಿಲು ಹಾಕಿದರೆ ಹೊಸ ವರ್ಷದ ಮರುದಿನವೇ ತೆರೆಯುವುದು. ದೂರದಿಂದ ನೋಡುವವರಿಗೆ ಇದು ಮಾಲೀಕರ ಔದಾರ್ಯವಾಗಿ ಕಾಣುತ್ತದೆ. ನನಗೂ ಹಾಗೆ ಹೇಳುವವರು ಅನೇಕರು ಸಿಕ್ಕಿದ್ದಾರೆ. “ನೋಡಿ, ಅಲ್ಲಿ ಹಬ್ಬಕ್ಕೆ ಒಂದು ವಾರ ರಜೆ ಕೊಡುತ್ತಾರೆ!” ಎಂದು. ಆದರೆ ಬಾಗಿಲು ಮುಚ್ಚುವುದು ಬೇರೆ, ರಜೆ ಕೊಡುವುದು ಬೇರೆ. ಮೊದಲನೆಯದು ಮಾಲೀಕನ ಅನುಕೂಲ. ಎರಡನೆಯದು ದುಡಿಯುವವನ ಹಕ್ಕು. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಬಹಳಷ್ಟು ಅನ್ಯಾಯ ಸದ್ದಿಲ್ಲದೆ ನಡೆದುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ಜಗಳ ಇಂದಿನದಲ್ಲ. ಅಮೆರಿಕದ ಮಸಾಚುಸೆಟ್ಸ್ ವಸಾಹತಿನಲ್ಲಿ 1659ರಲ್ಲಿ ಒಂದು ವಿಚಿತ್ರ ಕಾಯಿದೆಯಾಯಿತು. ಕ್ರಿಸ್‌ಮಸ್ ಆಚರಣೆಯೆಂದು ಆ ದಿನ ಕೆಲಸ ಬಿಟ್ಟು ಕುಳಿತವನಿಗೆ ಐದು ಷಿಲಿಂಗ್ ದಂಡ! ಹಬ್ಬಗಳೆಲ್ಲ ಮೂಢನಂಬಿಕೆಯೆಂದು ತಿಳಿದ ಕಟ್ಟಾ ಪ್ಯೂರಿಟನ್ ಜನ ಅವರು. ಆ ಕಾಯಿದೆ ರದ್ದಾದುದು 1681ರಲ್ಲಿ. ಸ್ಕಾಟ್ಲೆಂಡಿನಲ್ಲಂತೂ ಕ್ರಿಸ್‌ಮಸ್ ದಿನ ಸಾರ್ವತ್ರಿಕ ರಜೆಯಾದುದು 1958ರಲ್ಲಿ. ಇಂಗ್ಲೆಂಡಿನಲ್ಲಿ ಯಂತ್ರಯುಗ ಕಾಲಿಟ್ಟ ಮೇಲೆ ಇದ್ದ ರಜೆಗಳೂ ಕರಗಿದವು. ಸಂತರ ದಿನಗಳೆಂದು ವರ್ಷಕ್ಕೆ ಮೂವತ್ತಕ್ಕೂ ಮಿಕ್ಕಿ ರಜೆ ಪಾಲಿಸುತ್ತಿದ್ದ ಬ್ಯಾಂಕ್ ಆಫ್ ಇಂಗ್ಲೆಂಡ್ 1834ರ ವೇಳೆಗೆ ಅವನ್ನು ನಾಲ್ಕಕ್ಕೆ ಇಳಿಸಿತು. ಅದಕ್ಕೆ ಒಂದು ವರ್ಷ ಹಿಂದೆ, 1833ರ ಕಾರ್ಖಾನೆ ಕಾಯಿದೆ, ಗಿರಣಿಗಳಲ್ಲಿ ದುಡಿಯುವ ಮಕ್ಕಳಿಗೂ ಕಿರಿಯರಿಗೂ ಕ್ರಿಸ್‌ಮಸ್ ಮತ್ತು ಗುಡ್ ಫ್ರೈಡೆ ಎರಡು ಪೂರ್ಣ ರಜೆಗಳನ್ನೂ, ಎಂಟು ಅರ್ಧ ದಿನಗಳನ್ನೂ ಕೊಡಿಸಿತ್ತು. ಎಳೆಯ ಮಕ್ಕಳಿಗೆ ವರ್ಷದಲ್ಲಿ ಎರಡು ದಿನ ಬಿಡುವು ಸಿಗಬೇಕಾದರೆ ಪಾರ್ಲಿಮೆಂಟು ಶಾಸನ ಮಾಡಬೇಕಾಯಿತು ಎಂಬುದನ್ನು ಗಮನಿಸಬೇಕು.

ಇಂಗ್ಲಿಷ್ ಮೇಜರಿನ ಮಿತ್ರರಿಗೆ ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆ ಗೊತ್ತೇ ಇದೆ. ವಾರಕ್ಕೆ ಹದಿನೈದು ಷಿಲಿಂಗ್ ಸಂಬಳದ ಗುಮಾಸ್ತ ಬಾಬ್ ಕ್ರ್ಯಾಚಿಟ್ ತನ್ನ ಯಜಮಾನನಿಂದ ಹಬ್ಬದ ಒಂದು ದಿನವನ್ನು ಬಯಸುತ್ತಾನೆ. ಯಜಮಾನ ಸ್ಕ್ರೂಜ್, ಕೆಲಸವಿಲ್ಲದ ದಿನಕ್ಕೂ ಸಂಬಳ ತೆರಬೇಕಾಯಿತಲ್ಲ ಎಂದು ಗೊಣಗಿ, ಮಾರನೆಯ ಬೆಳಿಗ್ಗೆ ಬೇಗನೆ ಬಂದು ಸೇರಬೇಕೆಂದು ಕಟ್ಟಪ್ಪಣೆ ಮಾಡುತ್ತಾನೆ. ಸ್ಕ್ರೂಜನ ಹೆಸರು ಆ ಭಾಷೆಯಲ್ಲಿ ಜಿಪುಣತನಕ್ಕೇ ಪರ್ಯಾಯವಾಗಿಬಿಟ್ಟಿದೆ. ಆದರೂ ಒಂದು ಸಂಗತಿಯನ್ನು ನಾವು ಮರೆಯುತ್ತೇವೆ: ಗೊಣಗಿದರೂ ಆತ ಆ ದಿನದ ಸಂಬಳವನ್ನು ಹಿಡಿಯಲಿಲ್ಲ, ಗುಮಾಸ್ತನ ಲೆಕ್ಕದಿಂದ ಬೇರೊಂದು ದಿನವನ್ನು ಕಳೆಯಲೂ ಇಲ್ಲ. ಈ ಒಂದು ವಿಷಯದಲ್ಲಿ ಇಂದಿನ ಎಷ್ಟೋ ಘನ ಸಂಸ್ಥೆಗಳಿಗಿಂತ ಸ್ಕ್ರೂಜನೇ ವಾಸಿ.

1871ರಲ್ಲಿ ಸರ್ ಜಾನ್ ಲಬಕ್ ಎಂಬವರ ಪ್ರಯತ್ನದಿಂದ ಬ್ಯಾಂಕ್ ರಜೆಗಳ ಕಾಯಿದೆ ಬಂದಿತು. ಕ್ರಿಸ್‌ಮಸ್ಸಿನ ಮರುದಿನವೂ ಆ ಪಟ್ಟಿಗೆ ಸೇರಿತು. ಜನ ಸಂತೋಷದಿಂದ ಆ ರಜೆಗಳಿಗೆ ‘ಸಂತ ಲಬಕ್’ ದಿನಗಳೆಂದು ಹೆಸರಿಟ್ಟರಂತೆ. ಆದರೆ ಆ ಕಾಯಿದೆ ಹೇಳಿದ್ದು ಬ್ಯಾಂಕು ಮುಚ್ಚಿರಲಿ, ಹುಂಡಿಯ ಹಣವನ್ನು ಆ ದಿನ ಕಟ್ಟಬೇಕಾಗಿಲ್ಲ ಎಂದು. ಕೂಲಿಕಾರನ ಆ ದಿನದ ಕೂಲಿಯ ಮಾತನ್ನು ಅದು ಎತ್ತಲಿಲ್ಲ. ಸಂಬಳ ಸಹಿತ ರಜೆಯ ವಿಷಯ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಡಂಬಡಿಕೆಯಾಗಿ ರೂಪುಗೊಳ್ಳಲು 1936ರವರೆಗೆ ಕಾಯಬೇಕಾಯಿತು. ವರ್ಷವಿಡೀ ದುಡಿದವನಿಗೆ ಆರು ಕೆಲಸದ ದಿನ, ಅಷ್ಟೆ. ಬ್ರಿಟನ್ನಿನ ಸಂಬಳದ ರಜೆಯ ಕಾಯಿದೆ 1938ರದು.

ಈಗ ಬ್ರಿಟನ್ನಿನ ಕಾನೂನು ವರ್ಷಕ್ಕೆ 5.6 ವಾರ, ಎಂದರೆ ವಾರಕ್ಕೆ ಐದು ದಿನ ದುಡಿಯುವವನಿಗೆ 28 ದಿನ, ಸಂಬಳದ ರಜೆಯನ್ನು ಖಾತ್ರಿಪಡಿಸುತ್ತದೆ. ಕೇಳಲು ಸೊಗಸಾಗಿದೆ. ಆದರೆ ಇಂಗ್ಲೆಂಡಿನ ಎಂಟು ಬ್ಯಾಂಕ್ ರಜೆಗಳನ್ನು ಈ 28ರಲ್ಲಿಯೇ ಸೇರಿಸಿಕೊಳ್ಳಲು ಮಾಲೀಕನಿಗೆ ಅವಕಾಶವುಂಟು, ಉಳಿದದ್ದು 20. ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ನಡುವೆ ಕಛೇರಿ ಮುಚ್ಚಿ, ಆ ಮೂರು ದಿನಗಳನ್ನೂ ನಿನ್ನ ರಜೆಯಿಂದಲೇ ತೆಗೆದುಕೋ ಎಂದು ಹೇಳಲೂ ಅವಕಾಶವುಂಟು, ಉಳಿದದ್ದು 17. ಮುಚ್ಚುವ ದಿನಗಳ ಎರಡರಷ್ಟು ದಿನ ಮುಂಚಿತವಾಗಿ ತಿಳಿಸಿದರಾಯಿತು. ಅಮೆರಿಕದಲ್ಲಿ ಈ ಲೆಕ್ಕದ ತೊಡಕೇ ಇಲ್ಲ: 1938ರ ಅವರ ಕಾರ್ಮಿಕ ಕಾಯಿದೆ ಕನಿಷ್ಠ ಕೂಲಿಯನ್ನು ವಿಧಿಸಿತೇ ಹೊರತು ರಜೆಗೆ ಸಂಬಳ ಕೊಡಬೇಕೆಂದು ಖಾಸಗಿ ಮಾಲೀಕನಿಗೆ ವಿಧಿಸಲಿಲ್ಲ. ಜಗತ್ತಿನ ಅತ್ಯಂತ ಶ್ರೀಮಂತ ದೇಶದಲ್ಲಿ ಕ್ರಿಸ್‌ಮಸ್ ದಿನದ ಸಂಬಳ ಮಾಲೀಕನ ಮರ್ಜಿಗೆ ಸೇರಿದ್ದು.

ಇದೆಲ್ಲ ಪರದೇಶದ ಸುದ್ದಿ, ನಮಗೇಕೆ ಎಂದು ಕೇಳುವವರಿರಬಹುದು. ಆ ಮುಚ್ಚಿದ ಬಾಗಿಲಿನ ಗಾಳಿ ನೇರವಾಗಿ ಬೆಂಗಳೂರಿಗೆ ಬೀಸುತ್ತದೆ ಎಂಬುದೇ ಇದಕ್ಕೆ ಉತ್ತರ. ಅಮೆರಿಕದ ಬ್ಯಾಂಕುಗಳಿಗೂ ವಿಮಾ ಕಂಪನಿಗಳಿಗೂ ಬೇಕಾದ ಕಂಪ್ಯೂಟರ್ ಕೆಲಸವನ್ನು ನಮ್ಮ ಹುಡುಗ ಹುಡುಗಿಯರು ಇಲ್ಲಿಂದಲೇ ಮಾಡಿಕೊಡುತ್ತಾರಷ್ಟೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿಯ ಕಛೇರಿ ಮುಚ್ಚಿದರೆ ಇಲ್ಲಿಯ ಕೆಲಸವೂ ನಿಲ್ಲುತ್ತದೆ, ಆ ದಿನಗಳ ಬಿಲ್ಲೂ ನಿಲ್ಲುತ್ತದೆ. ಇದಕ್ಕೆ ಅವರು ಇಟ್ಟ ಹೆಸರು ‘ಫರ್ಲೋ’. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ತ್ರೈಮಾಸಿಕ ಲೆಕ್ಕ ಒಪ್ಪಿಸುವಾಗ ನಮ್ಮ ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ವರಮಾನದ ಇಳಿತಕ್ಕೆ ಹೇಳುವ ಕಾರಣಗಳಲ್ಲಿ ಈ ಫರ್ಲೋ ಒಂದು. ಬ್ರಿಟಿಷರ ಆಳ್ವಿಕೆಯಲ್ಲಿ ಇದೇ ಶಬ್ದಕ್ಕೆ ಬಿಳಿಯ ಅಧಿಕಾರಿಗಳು ಭತ್ಯೆಯೊಂದಿಗೆ ತಾಯ್ನಾಡಿಗೆ ಹೋಗಿ ಬರುವ ದೀರ್ಘ ರಜೆ ಎಂದು ಅರ್ಥವಿತ್ತು. ಶಬ್ದಗಳಿಗೂ ಬಡತನ ಬರುತ್ತದೆಂದು ಕಾಣುತ್ತದೆ.

ನನ್ನ ದೊಡ್ಡಪ್ಪನ ಮಗ ಅಂತಹದೇ ಒಂದು ಕಂಪನಿಯಲ್ಲಿದ್ದಾನೆ, ಹೆಸರು ಬೇಡ. ದೊಡ್ಡಮ್ಮನ ಎರಡೂ ಕಣ್ಣಿಗೆ ಪೊರೆ ಬಂದು, ಸಂಕ್ರಾಂತಿ ಕಳೆದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸುವುದೆಂದು ನಿಶ್ಚಯವಾಗಿತ್ತು. ಅದಕ್ಕಾಗಿಯೇ ಅವನು ದಸರೆಗೆ ಊರಿಗೆ ಬರದೆ, ಗೆಳೆಯನ ಮದುವೆಗೂ ಹೋಗದೆ, ಏಳು ದಿನಗಳ ರಜೆಯನ್ನು ಕೂಡಿಟ್ಟುಕೊಂಡಿದ್ದ. ಡಿಸೆಂಬರ್ ಮಧ್ಯದಲ್ಲಿ ಒಂದು ಸುತ್ತೋಲೆ ಬಂತು. ಕಡೆಯ ವಾರ ಕೆಲಸವಿಲ್ಲ, ಐದು ದಿನ ಎಲ್ಲರ ಗಳಿಕೆ ರಜೆಯಿಂದ ಕಳೆಯಲಾಗುವುದು, ಹಬ್ಬದ ಶುಭಾಶಯಗಳು. ಆ ಐದು ದಿನ ಅವನು ಮಡಿವಾಳದ ಬಾಡಿಗೆ ಕೋಣೆಯಲ್ಲಿ ಸುಮ್ಮನೆ ಕುಳಿತಿದ್ದ. ಬಸ್ಸಿನ ದರ ಆ ವಾರ ದುಪ್ಪಟ್ಟಾಗಿದ್ದುದರಿಂದ ಊರಿಗೂ ಬರಲಿಲ್ಲ. ಜನವರಿಯಲ್ಲಿ ತಾಯಿಯ ಹಾಸಿಗೆಯ ಪಕ್ಕದಲ್ಲಿ ಎರಡು ದಿನ ಸಂಬಳದ ಮೇಲೆ ಕುಳಿತ. ಉಳಿದ ಐದು ದಿನಗಳ ಸಂಬಳ ಕಡಿತವಾಯಿತು. “ಬೇಡದಾಗ ರಜೆ ಕೊಟ್ಟರು, ಬೇಕಾದಾಗ ಇರಲಿಲ್ಲ ಕಣೋ” ಎಂದು ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ನಮ್ಮ ಹಳ್ಳಿಗಳ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಅದು ಬಸವನ ದಿನ. ಎಂತಹ ಕಷ್ಟದ ಒಕ್ಕಲುಮಗನೂ ಆ ದಿನ ಎತ್ತು ದುಡಿಯಲಿಲ್ಲವೆಂದು ಗೋದಲೆಯ ಹುಲ್ಲನ್ನು ಹಿಂದಕ್ಕೆ ತೆಗೆಯುವುದಿಲ್ಲ. ಮಂಗಳವಾರದ ಮೇವಿನಿಂದ ಮುರಿದುಕೊಳ್ಳುವುದೂ ಇಲ್ಲ. ಮಳೆ ಹಿಡಿದು ಉಳುಮೆ ನಿಂತರೂ ಅಷ್ಟೆ. ಎತ್ತನ್ನು ಕಟ್ಟಿಕೊಂಡ ಮೇಲೆ ಅದರ ಬಿಡುವಿನ ಮೇವೂ ಬೇಸಾಯದ ಖರ್ಚೇ ಎಂಬ ಅರ್ಥಶಾಸ್ತ್ರ ಅವನಿಗೆ ಯಾವ ಪದವಿಯೂ ಇಲ್ಲದೆ ತಿಳಿದಿದೆ. ಗಾಜಿನ ಮಹಡಿಗಳ ಕಟ್ಟಡದಲ್ಲಿ ಇಷ್ಟು ತಿಳಿಯದೆ ಹೋಗುವುದೇಕೆ?

ಮಾಲೀಕರ ಪಕ್ಷದಲ್ಲಿಯೂ ಮಾತಿಲ್ಲದೆ ಇಲ್ಲ. ಆರು ಜನ ದುಡಿಯುವ ಒಂದು ಸಣ್ಣ ಲೇತ್ ವರ್ಕ್‌ಷಾಪಿಗೆ ಕೆಲಸ ಕೊಡುವ ದೊಡ್ಡ ಕಾರ್ಖಾನೆಯೇ ಹತ್ತು ದಿನ ಮುಚ್ಚಿದರೆ ಆ ಬಡ ಯಜಮಾನ ಏನು ಮಾಡಬೇಕು? ಅವನೊಡನೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಅಲ್ಲಿ ಯಜಮಾನನೂ ಆಳೂ ಒಂದೇ ಬುತ್ತಿಯನ್ನು ಹಂಚಿಕೊಂಡು ಉಣ್ಣುವವರು. ಇನ್ನು ಕೆಲವರು, ಎಲ್ಲರೂ ಒಟ್ಟಿಗೆ ಬಿಡುವಾದರೆ ಮನಸ್ಸಿಗೆ ನಿಜವಾದ ವಿಶ್ರಾಂತಿ, ಹಿಂದಿರುಗಿದಾಗ ಮೇಜಿನ ಮೇಲೆ ಕಡತಗಳ ರಾಶಿಯಿರುವುದಿಲ್ಲ ಎನ್ನುತ್ತಾರೆ. ಅದೂ ನಿಜವೇ. ಆದರೆ ಡಿಸೆಂಬರ್ ಬರುತ್ತದೆಂಬುದು ಜನವರಿಯಲ್ಲಿಯೇ ಗೊತ್ತಿರುವ ಸಂಗತಿ. ವರ್ಷದ ಮೊದಲಲ್ಲೇ ಕರಾರು ಬರೆಯುವಾಗ ಈ ಐದು ದಿನಗಳನ್ನು ಲೆಕ್ಕಕ್ಕೆ ಹಿಡಿಯಲಾರದ ಕಂಪನಿ, ಹನ್ನೆರಡನೆಯ ತಿಂಗಳಲ್ಲಿ ಗುಮಾಸ್ತನ ಗಂಟಿಗೆ ಕೈ ಹಾಕುವುದು ಯಾವ ನ್ಯಾಯ?

ನಮ್ಮ ನಾಡಿನ ಕಾನೂನು ಈ ವಿಷಯದಲ್ಲಿ ಪೂರ್ತಿ ಮೌನವಾಗಿಲ್ಲ. 1963ರಲ್ಲಿ, ಮೈಸೂರು ರಾಜ್ಯವೆಂಬ ಹೆಸರಿದ್ದಾಗಲೇ, ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆಯೊಂದು ಆಯಿತು. ಅದರ ಈಗಿನ ರೂಪದಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನಗಳೂ, ಇವುಗಳ ಜೊತೆಗೆ ಆಯ್ದ ಐದು ಹಬ್ಬಗಳೂ ಸಂಬಳದ ರಜೆಗಳು. ಅಂದು ದುಡಿಸಿಕೊಂಡರೆ ಇಮ್ಮಡಿ ಕೂಲಿ, ಇಲ್ಲವೆ ಕೂಲಿಯೊಡನೆ ಬದಲಿ ರಜೆ. ಗಳಿಕೆ ರಜೆಗೆ 1948ರ ಕಾರ್ಖಾನೆ ಕಾಯಿದೆ ವರ್ಷಕ್ಕೆ 240 ದಿನದ ದುಡಿಮೆಯನ್ನು ಕೇಳಿತ್ತು. 2020ರ ಸಂಹಿತೆ ಅದನ್ನು 180ಕ್ಕೆ ಇಳಿಸಿತು. ಎರಡರಲ್ಲಿಯೂ ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದ ರಜೆ. ಅಂದರೆ ಮುಚ್ಚಿದ ಬಾಗಿಲಿನ ಲೆಕ್ಕಕ್ಕೆ ಹೋದ ಐದು ದಿನವೆಂದರೆ ನೂರು ದಿನದ ಬೆವರಿನ ಗಳಿಕೆ.

ಕೆಲಸವಿಲ್ಲದೆ ಕೂರಿಸಿದರೆ ಅರ್ಧ ಸಂಬಳ ಪರಿಹಾರ ಕೊಡಬೇಕೆಂಬ ನಿಯಮವೂ 1953ರಲ್ಲಿ ಔದ್ಯೋಗಿಕ ವಿವಾದಗಳ ಕಾಯಿದೆಗೆ ಸೇರಿತು; 2020ರ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಅದು ಐವತ್ತು ಮತ್ತು ಮೇಲ್ಪಟ್ಟು ಜನ ದುಡಿಯುವ ಕಾರ್ಖಾನೆ, ಗಣಿ, ತೋಟಗಳಿಗೆ ಮಾತ್ರ. ಸಾವಿರಾರು ಜನ ಕುಳಿತು ದುಡಿಯುವ ಕಂಪ್ಯೂಟರ್ ಕಛೇರಿ ಈ ಮೂರರಲ್ಲಿ ಯಾವುದೂ ಅಲ್ಲ. ಶಾಸನ ಬರೆದವರ ಕಣ್ಣಿಗೆ 1953ರಲ್ಲಿ ಕಾಣದಿದ್ದುದು ಸಹಜ. 2020ರಲ್ಲಿಯೂ ಕಾಣಲಿಲ್ಲವೆಂದರೆ ಏನು ಹೇಳೋಣ?

ಇಷ್ಟಾಗಿಯೂ ನನ್ನ ಅಣ್ಣನ ಹತ್ತಿರ ಕಳೆಯುವುದಕ್ಕೆ ರಜೆಯೆಂಬುದೊಂದು ಇತ್ತು. ಅದೇ ಕಟ್ಟಡದ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವಳಿಗೆ, ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು ಪಡೆಯುವ ಕಾರಿನ ಚಾಲಕನಿಗೆ, ಗೇಟಿನ ಹೊರಗೆ ಚಹಾ ಮಾರುವವನಿಗೆ ರಜೆಯ ಪುಸ್ತಕವೇ ಇಲ್ಲ. ಹೊರಗಿನವನು ಕಂಪನಿಯ ಆಳಲ್ಲ, ಒಪ್ಪೋಣ. ಮೊದಲಿಬ್ಬರು ಕಂತ್ರಾಟುದಾರನ ಮೂಲಕವಾದರೂ ಆ ಕಂಪನಿಗಾಗಿಯೇ ದುಡಿಯುವವರು. ಬಾಗಿಲು ಮುಚ್ಚಿದ ವಾರ ಅವರ ಮನೆಯಲ್ಲಿ ಒಲೆ ಮುಚ್ಚುವುದಿಲ್ಲವಷ್ಟೆ. ಕಾವಲುಗಾರನ ಪಾಡು ಇನ್ನೊಂದು ಬಗೆ: ಎಲ್ಲರೂ ಮನೆಗೆ ಹೋದಾಗಲೇ ಅವನ ಅಗತ್ಯ ಹೆಚ್ಚು.

ಬೆಂಗಳೂರಿನವರೆಗೆ ಏಕೆ ಹೋಗಬೇಕು? ಸರ್ಕಾರಿ ಕಾಲೇಜುಗಳ ತರಗತಿಗಳಲ್ಲಿ ಅರ್ಧಕ್ಕರ್ಧ ಪಾಠ ಹೇಳುವವರು ಅತಿಥಿ ಉಪನ್ಯಾಸಕರೆಂದು ಕರೆಸಿಕೊಳ್ಳುವವರು. ರಜೆಯ ತಿಂಗಳುಗಳೂ ಸೇರಿ ವರ್ಷದ ಹನ್ನೆರಡು ತಿಂಗಳೂ ಗೌರವಧನ ಕೊಡಿ ಎಂಬುದು ಅವರ ಹಳೆಯ ಬೇಡಿಕೆ. ಅತಿಥಿ ಎಂದು ಕರೆದು, ಮನೆಯ ಬಾಗಿಲು ಮುಚ್ಚಿದ ದಿನ ಊಟವಿಲ್ಲವೆನ್ನುವ ಪದ್ಧತಿ ನಮ್ಮ ಯಾವ ಮನೆಯಲ್ಲಿದೆಯೋ ಕಾಣೆ. ಕಾಲೇಜು ರಜೆಯ ಚೀಟಿ ಕಂಡು ನಾವು ಹಿಗ್ಗಿ ಕೇಕೆ ಹಾಕುವ ಹೊತ್ತಿಗೆ ಅವರು ಅದೇ ಚೀಟಿಯನ್ನು ಹೇಗೆ ಓದುತ್ತಾರೆಂದು ನಾನು ಅವರಲ್ಲಿ ಒಬ್ಬರನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು, “ನಾನು ಮೊದಲು ಕಾಲೇಜು ತೆರೆಯುವ ದಿನಾಂಕ ನೋಡುತ್ತೇನಪ್ಪಾ” ಎಂದರು.