ವಿಮಾನದ ಭಯ ಅವಿಶ್ವಾಸವಲ್ಲ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರಿಗೆ ವಿಮಾನ ಈಗ ದೂರದ ಮಾತಲ್ಲ. ಹುಬ್ಬಳ್ಳಿಗೆ ಹೋದರೆ ಸಿಗುತ್ತದೆ. ಆದರೂ ಪರದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೊರಡಲು ಹೆದರುವ ತಾಯಂದಿರಿದ್ದಾರೆ. ಅವರು ಕ್ರೈಸ್ತರಾಗಿದ್ದರೆ ಇನ್ನೊಂದು ನೋವೂ ಸೇರುತ್ತದೆ: ‘ದೇವರಲ್ಲಿ ಭರವಸೆಯಿದ್ದರೆ ಭಯವೇಕೆ?’ ಎಂಬ ಮನೆಯವರ ಮಾತು.

ಈ ಮಾತು ಸರಿಯಲ್ಲ. ಎದೆ ಬಡಿದುಕೊಳ್ಳುವುದು, ಬೆವರುವುದು, ಉಸಿರು ಕಟ್ಟಿದಂತಾಗುವುದು ಶರೀರದ ಎಚ್ಚರಿಕೆಯ ಗಂಟೆ, ಭಕ್ತಿಯ ಅಳತೆಗೋಲಲ್ಲ. ಗೆತ್ಸೇಮನೆಯಲ್ಲಿ ಯೇಸುಸ್ವಾಮಿಯೂ ಕಳವಳಪಟ್ಟರೆಂದು ಸುವಾರ್ತೆಯೇ ಹೇಳುತ್ತದೆ.

ಪ್ರಾರ್ಥನೆಯಿಂದ ಉಪಯೋಗ ಖಂಡಿತ ಉಂಟು. 2001ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಅಧ್ಯಯನದಲ್ಲಿ 23 ಆರೋಗ್ಯವಂತರು ಜಪಸರ ಹೇಳಿದಾಗ ಅವರ ಉಸಿರಾಟ ನಿಮಿಷಕ್ಕೆ ಸುಮಾರು 6 ಸಲಕ್ಕೆ ಇಳಿಯಿತು. ಯೋಗಮಂತ್ರ ಪಠಿಸಿದಾಗಲೂ ಹಾಗೆಯೇ ಆಯಿತು. ಆದ್ದರಿಂದ ಬಾಯಿಪಾಠವಿರುವ ಪ್ರಾರ್ಥನೆಯನ್ನು ಅವಸರವಿಲ್ಲದೆ, ಉಸಿರನ್ನು ನಿಧಾನವಾಗಿ ಬಿಡುತ್ತ ಹೇಳಿರಿ. ಈ ಅಭ್ಯಾಸ ಪ್ರಯಾಣಕ್ಕೆ ಕೆಲವು ವಾರ ಮೊದಲೇ ಮನೆಯಲ್ಲಿ ಆರಂಭವಾಗಲಿ. ವಿಮಾನ ಅಲುಗಾಡಿದರೆ ಗಾಬರಿ ಬೇಡ. ಗಾಳಿಯ ಏರುಪೇರು ತಾಳಲೆಂದೇ ರೆಕ್ಕೆಗಳನ್ನು ಬಾಗುವಂತೆ ಮಾಡಿರುತ್ತಾರೆ. ಬೆಲ್ಟ್ ಮಾತ್ರ ಬಿಚ್ಚಬೇಡಿರಿ.

ಆದರೆ ಪ್ರಾರ್ಥನೆಯೊಂದೇ ಸಾಕೆಂಬ ಹಟ ಬೇಡ. ಪ್ರಯಾಣ ತಪ್ಪಿಸಿದಷ್ಟೂ ಭಯ ಬಲಿಯುತ್ತದೆ. ಟಿಕೆಟ್ ರದ್ದುಮಾಡುವಷ್ಟು ಭಯವಿದ್ದರೆ ಮನೋವೈದ್ಯರನ್ನು ಕಾಣಿರಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಭಯವನ್ನು ಹಂತಹಂತವಾಗಿ ಎದುರಿಸಲು ಕಲಿಸುವ ಚಿಕಿತ್ಸೆಯುಂಟು. ಮದ್ಯವಾಗಲಿ, ಇನ್ನೊಬ್ಬರಿಗೆ ಬರೆದುಕೊಟ್ಟ ನಿದ್ರೆಮಾತ್ರೆಯಾಗಲಿ ಬೇಡ.

ಮನೆಯವರು ಉಪದೇಶ ಬಿಟ್ಟು ಜೊತೆಗೆ ಕುಳಿತು ಪ್ರಾರ್ಥಿಸಲಿ. ಡಾಕ್ಟರ ಬಳಿಗೂ ಜೊತೆಯಲ್ಲೇ ಹೋಗಲಿ.